ಚಪ್ಪಾಳೆ ಮಾಮನ ಮೂರು ಸೆಕೆಂಡು

ಚಾ ಬೇಕಾ ಎಂದು ಅವರನ್ನು ಕೇಳುವುದಕ್ಕೆ ತಾಳ್ಮೆ ಬೇಕಿತ್ತು. ಕೇಳಿದ ಕೂಡಲೇ ಅವರು ನಮ್ಮ ಮುಖ ನೋಡುತ್ತಿದ್ದರು. ಆಮೇಲೆ ತುಟಿ ನೋಡುತ್ತಿದ್ದರು. ಮಾತು ನಿಜವಾಗಿಯೂ ಮುಗಿಯಿತೋ, ಇನ್ನೂ ಸ್ವಲ್ಪ ಬರುವುದಿದೆಯೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅದಾದ ಮೇಲೆ ನಿಧಾನವಾಗಿ ಮೂರು ಎಣಿಸುವಷ್ಟು ಹೊತ್ತು ಬಿಟ್ಟು "ಅರ್ಧ ಕಪ್ಪು" ಎನ್ನುತ್ತಿದ್ದರು. ಅವರ ಹೆಂಡತಿ ಮದುವೆಯಾದ ಮೊದಲ ವರ್ಷದಲ್ಲೇ ಈ ಉತ್ತರಕ್ಕೆ ಕಾಯುವುದನ್ನು ಬಿಟ್ಟರಂತೆ. ಪ್ರಶ್ನೆ ಕೇಳಿ, ಒಳಗೆ ಹೋಗಿ, ಒಲೆಯ ಮೇಲೆ ನೀರಿಟ್ಟುಬಿಡುತ್ತಿದ್ದರು. ಉತ್ತರ ಅಡುಗೆಮನೆಗೆ ಹಿಂದಿನಿಂದ ಬರುತ್ತಿತ್ತು.

ಕಳೆದ ತಿಂಗಳು ಶಿರವಾಡದ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಬೆಳಗಿನ ತಿಂಡಿ ಮುಗಿಸಿ ಜಗಲಿಯ ಕುರ್ಚಿಯಲ್ಲಿ ಒರಗಿದ್ದವರನ್ನು ಹೆಂಡತಿ ಇನ್ನೊಂದು ಚಾ ಬೇಕಾ ಎಂದು ಕೇಳಿದ್ದಾರೆ. ಉತ್ತರ ಬರಲಿಲ್ಲ. ಎಂದಿನ ಹಾಗೆ ತಡವಾಗುತ್ತಿದೆ ಎಂದುಕೊಂಡು ಒಳಗೆ ಹೋಗಿ ನೀರಿಟ್ಟಿದ್ದಾರೆ. ಇದನ್ನು ನನಗೆ ಹೇಳುವಾಗ ಆ ತಾಯಿ ಅಳುತ್ತಿದ್ದರು, ನನಗೂ ತಡೆಯಲಾಗಲಿಲ್ಲ. ಅಳುತ್ತ ಅಳುತ್ತಲೇ ನಮ್ಮಿಬ್ಬರಿಗೂ ಸ್ವಲ್ಪ ನಗು ಬಂತು. ಹೋಗುವಾಗಲೂ ಮನುಷ್ಯ ತನ್ನ ಅಭ್ಯಾಸ ಬಿಡಲಿಲ್ಲವಲ್ಲ ಎಂದು.

ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. "ಹಿರಿಯ ಛಾಯಾಗ್ರಾಹಕ" ಎಂದು ಬರೆದಿದ್ದರು. ಅವರು ಓದಿದ್ದರೆ ಖಂಡಿತ ತಕರಾರು ಮಾಡುತ್ತಿದ್ದರು. ಯಾರಾದರೂ ನಿಮ್ಮ ಉದ್ಯೋಗವೇನು ಎಂದು ಕೇಳಿದರೆ ಅವರು ತುಟಿ ರಿಪೇರಿ ಎನ್ನುತ್ತಿದ್ದರು. ಕೇಳಿದವರು ಇವರು ಹಲ್ಲಿನ ಡಾಕ್ಟರರ ಕಡೆಯವರಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಕಾರವಾರ ಪೇಟೆಯಲ್ಲಿ ಒಂದು ಹಳೇ ಕಟ್ಟಡದ ಮಾಳಿಗೆಯ ಮೇಲೆ ಅವರ ಅಂಗಡಿ. ದೇವಬಾಗದಿಂದ ಅಂಕೋಲೆಯವರೆಗೆ ಎಷ್ಟೋ ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೋ ಅವರದೇ. ಮದುವೆಗೆ ಬಂದವರೆಲ್ಲ ತಂತಮ್ಮ ಫೋನಿನಲ್ಲೇ ಚಿತ್ರ ತೆಗೆಯಲು ಶುರು ಮಾಡಿದ ಮೇಲೆ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಕೆಲಸ ಹಿಡಿದರು. ನಮ್ಮ ಕರಾವಳಿಯಲ್ಲಿ ಆ ಕೆಲಸಕ್ಕೆ ಒಂದು ವಿಶೇಷ ತೊಡಕು ಇತ್ತು. ಹಡಗಿನ ನೌಕರಿಗೆ ಹೋದವರು ಎಲ್ಲೆಲ್ಲಿಯದೋ ಬಂದರಿನಲ್ಲಿ ಕ್ಯಾಮೆರಾ ಕೊಂಡು ತರುತ್ತಿದ್ದರು. ಒಂದೊಂದು ದೇಶದ ಕ್ಯಾಮೆರಾಕ್ಕೆ ಒಂದೊಂದು ಲೆಕ್ಕ. ನಮ್ಮ ದೇಶದ ಟಿ.ವಿ.ಯಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಓಡುತ್ತವೆ. ಜಪಾನಿನ ಕ್ಯಾಮೆರಾದಲ್ಲಿ ಮೂವತ್ತು. ಮೂವತ್ತು ಎಂದು ಅವರೆದುರು ಹೇಳಿದಿರೋ, ಮುಗಿಯಿತು. ಮೂವತ್ತಲ್ಲ, ಮೂವತ್ತಕ್ಕೆ ಕೂದಲೆಳೆ ಕಡಿಮೆ ಎಂದು ತಿದ್ದುತ್ತಿದ್ದರು. ಆ ಕೂದಲೆಳೆಯೇ ಅವರ ಜೀವನೋಪಾಯವಾಗಿತ್ತು, ಜೀವನದ ಸಿಟ್ಟೂ ಆಗಿತ್ತು.

ನನಗೆ ಅದನ್ನು ಅವರು ತೆಂಗಿನಕಾಯಿಯಲ್ಲಿ ವಿವರಿಸಿದ್ದರು. "ಸಾವಿರ ಕಾಯಿ ಹೇರೂ ಗಾಡಿಯಲ್ಲಿ ಒಂದು ಕಾಯಿ ಕಡಿಮೆ ಅದೆ ಅಂತ ಇಟ್ಕೊಳ್ಳಿ ಅಕ್ಕೋರೆ. ನಿಮಗೆ ಗೊತ್ತಾಗ್ತದಾ? ಇಲ್ಲ. ಒಂದರ ಹಿಂದೆ ಒಂದು ಗಾಡಿ ಹೋಗ್ತಾ ಹೋಗ್ತಾ ಕಡೀಗೆ ಗೊತ್ತಾಗ್ತದೆ." ಅಂದರೆ, ಕೂದಲೆಳೆಯನ್ನು ಮರೆತು ಮೂವತ್ತೇ ಎಂದು ಲೆಕ್ಕ ಹಿಡಿದು ಕ್ಯಾಸೆಟ್ಟನ್ನು ಬದಲಾಯಿಸಿದರೆ ಮೊದಲ ಹತ್ತು ನಿಮಿಷ ಎಲ್ಲ ಸರಿ ಇರುತ್ತದೆ. ಒಂದು ತಾಸು ಕಳೆಯುವಷ್ಟರಲ್ಲಿ ಚಿತ್ರ ಮುಂದೆ ಓಡಿ, ಮಾತು ಮೂರೂವರೆ ಸೆಕೆಂಡು ಹಿಂದೆ ಬಿದ್ದಿರುತ್ತದೆ. ಮದುಮಗಳು ಬಾಯಿ ಮುಚ್ಚಿ ಕೂತಿರುತ್ತಾಳೆ, ಅವಳ ನಗು ಆಮೇಲೆ ಕೇಳಿಸುತ್ತದೆ.

ನನ್ನನ್ನು ಅವರು ಅಕ್ಕೋರೆ ಎನ್ನುತ್ತಿದ್ದುದು ನಾನು ಶಾಲೆಯಲ್ಲಿ ಕಲಿಸುತ್ತಿದ್ದವಳು ಎಂದು. ಮನೆ ಅಂಕೋಲೆಯಲ್ಲಿ, ಶಾಲೆ ತೋಡೂರಿನ ಹತ್ತಿರ. ವಾರಕ್ಕೆರಡು ದಿನ ಶಾಲೆ ಬಿಟ್ಟ ಮೇಲೆ ಕಾರವಾರಕ್ಕೆ ಬಸ್ಸು ಹತ್ತಿ, ಊರಿನ ಕೇಬಲ್ ಚಾನೆಲ್ಲಿಗೆ ಸ್ಥಳೀಯ ಸುದ್ದಿ ಓದುತ್ತಿದ್ದೆ. ನನ್ನ ಧ್ವನಿ ಚೆನ್ನಾಗಿದೆ ಎಂದು ಯಾರೋ ಹೇಳಿದ್ದನ್ನು ನಾನು ನಂಬಿಬಿಟ್ಟಿದ್ದೆ. ಸುದ್ದಿ ಓದಿಸುವುದು, ಚಿತ್ರ ಹಿಡಿಯುವುದು, ಜೋಡಿಸುವುದು ಎಲ್ಲ ಇವರೇ. ಮೊದಲ ದಿನ ಹೊಸ ಸೀರೆ ಉಟ್ಟು, ಹೂ ಮುಡಿದು, ಕ್ಯಾಮೆರಾದ ಎದುರು ಕೂತು ಎದೆ ಡವಡವ ಅನ್ನುತ್ತಿರುವಾಗ ಈ ಮನುಷ್ಯ ಬಂದು ಸರಿಯಾಗಿ ನನ್ನ ಮೂಗಿನ ಎದುರು ಒಂದು ಚಪ್ಪಾಳೆ ತಟ್ಟಿದರು. ನಾನು ಹೆದರಿ ಕುರ್ಚಿಯಿಂದ ಎದ್ದೇಬಿಟ್ಟೆ. ಸೊಳ್ಳೆ ಹೊಡೆದರೋ ಏನೋ ಎಂದುಕೊಂಡೆ.

ಅದು ಅವರ ಗುರುತು. ಎರಡು ಅಂಗೈ ಕೂಡುವ ಚಿತ್ರ, ಅದರ ಸದ್ದು. ಎರಡನ್ನೂ ಒಂದೇ ಕಡೆ ಇಟ್ಟರೆ ಮಾತು ತುಟಿಗೆ ಕೂಡಿಕೊಳ್ಳುತ್ತದೆ. ಸುದ್ದಿ ಮುಗಿದ ಮೇಲೂ ಒಂದು ಚಪ್ಪಾಳೆ. ಒಂದೇ ಗುರುತು ಇದ್ದರೆ ಎಷ್ಟು ತಪ್ಪಿದೆ ಎಂದು ಮಾತ್ರ ತಿಳಿಯುತ್ತದಂತೆ. ಎರಡಿದ್ದರೆ ಹೋಗ್ತಾ ಹೋಗ್ತಾ ಎಷ್ಟು ತಪ್ಪುತ್ತಿದೆ ಎಂದು ತಿಳಿಯುತ್ತದಂತೆ. ನನ್ನ ಧ್ವನಿಯ ಬಗ್ಗೆ ಅವರು ಒಂದು ದಿನವೂ ಒಂದು ಒಳ್ಳೆಯ ಮಾತಾಡಲಿಲ್ಲ. ನಿಮ್ಮ ತುಟಿ ಚಲೋ ಮುಚ್ಚುತ್ತದೆ ಎಂದರು, ಅಷ್ಟೆ. ಮಾತಾಡುವಾಗ ತುಟಿ ಪೂರ್ತಿ ಮುಚ್ಚುವವರು ಇದ್ದರೆ ಅವರ ಕೆಲಸ ಹಗುರ. ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದ ನನಗೆ ಬಾಯಿ ಮುಚ್ಚುವುದಕ್ಕೆ ಪ್ರಶಂಸೆ ಕೊಟ್ಟವರು ಅವರೊಬ್ಬರೇ.

ಈ ಚಪ್ಪಾಳೆಯಿಂದಲೇ ಮಕ್ಕಳು ಅವರಿಗೆ ಚಪ್ಪಾಳೆ ಮಾಮ ಎಂದು ಹೆಸರಿಟ್ಟರು. ಮದುವೆಮನೆಯಲ್ಲೂ ಅವರು ಬಿಡುತ್ತಿರಲಿಲ್ಲ. ಅಂಕೋಲೆಯ ಒಂದು ಮದುವೆ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಮದುಮಗ ನನ್ನ ತಮ್ಮ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಇವರು ಕ್ಯಾಮೆರಾ ಶುರು ಮಾಡಿ, ಮಂಟಪದ ಎದುರು ಹೋಗಿ, ಕೈ ಎತ್ತಿ ಟಪ್ಪೆಂದು ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಹೆಣ್ಣಿನ ಕಡೆಯವರು ಇದು ಗಂಡಿನ ಕಡೆಯ ಪದ್ಧತಿ ಇರಬೇಕೆಂದು ತಾವೂ ತಟ್ಟಿದರು. ಅವರು ತಟ್ಟಿದ್ದು ನೋಡಿ ಗಂಡಿನ ಕಡೆಯವರೂ ತಟ್ಟಿದರು. ಸಭಾಭವನವೆಲ್ಲ ಚಪ್ಪಾಳೆ. ಹಿಂದೆ ಕೂತಿದ್ದ ವಾಲಗದವರಿಗೆ ಮಂಟಪ ಕಾಣಿಸುತ್ತಿರಲಿಲ್ಲ. ತಾಳಿ ಕಟ್ಟಿಯೇ ಆಯಿತೆಂದು ಗಟ್ಟಿಮೇಳ ಎತ್ತಿದರು. ಗಟ್ಟಿಮೇಳ ಕೇಳಿದ ಮೇಲೆ ಯಾರು ಅಕ್ಷತೆ ಹಿಡಿದುಕೊಂಡು ಕೂರುತ್ತಾರೆ? ನಾಲ್ಕೂ ದಿಕ್ಕಿನಿಂದ ಅಕ್ಷತೆ ಬಂತು. ಭಟ್ಟರು ಕೆಂಡವಾದರು. ನನ್ನ ತಮ್ಮ ಗಾಬರಿಯಲ್ಲಿ ತಾಳಿ ಕಟ್ಟಿಯೇಬಿಟ್ಟ.

ಮುಹೂರ್ತಕ್ಕೆ ಎರಡು ನಿಮಿಷ ಮೊದಲೇ ಮದುವೆಯಾಗಿ ಹೋಯಿತು ಎಂದು ನಮ್ಮಮ್ಮ ಬಹಳ ದಿನ ಹಲುಬಿದರು. ಇವರಿಗೆ ಅದರ ಬಗ್ಗೆ ಒಂದಿಷ್ಟೂ ಪಶ್ಚಾತ್ತಾಪ ಇರಲಿಲ್ಲ. ಗಂಡ ಹೆಂಡತಿ ಚೆನ್ನಾಗಿಯೇ ಇದ್ದಾರಲ್ಲ, ಎರಡು ನಿಮಿಷದಲ್ಲಿ ಎಂತ ಆಗುತ್ತದೆ ಎನ್ನುತ್ತಿದ್ದರು. ಅದೇ ಮದುವೆಯ ಕ್ಯಾಸೆಟ್ಟಿನಲ್ಲಿ ಭಟ್ಟರ ಬೈಗುಳ ಅವರ ತುಟಿಗೆ ಎರಡು ಚಿತ್ರದಷ್ಟು ತಡವಾಗಿ ಬಂದಿದೆ ಎಂದು ಮೂರು ದಿನ ಕೂತು ಸರಿಮಾಡಿದರು. ಎರಡು ಚಿತ್ರ ಎಂದರೆ ರೆಪ್ಪೆ ಬಡಿಯುವಷ್ಟೂ ಹೊತ್ತಲ್ಲ. ಬೈಗುಳ ಈಗ ಸೊಗಸಾಗಿ ಕೂಡಿಕೊಂಡಿದೆ. ನಾವು ವರ್ಷಕ್ಕೊಮ್ಮೆ ಹಾಕಿ ನೋಡುತ್ತೇವೆ.

ಅವರನ್ನು ಮನೆಗೆ ಕರೆದು ಟಿ.ವಿ. ಮುಂದೆ ಕೂರಿಸಬಾರದಿತ್ತು. ಹಿಂದಿಯಲ್ಲಿ ತೆಗೆದು ಕನ್ನಡದಲ್ಲಿ ಮಾತು ತುಂಬಿದ ಜಾಹೀರಾತು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ನಾವು ಸೋಪು ನೋಡುತ್ತಿದ್ದರೆ ಅವರಿಗೆ ಆ ಹೆಂಗಸಿನ ಬಾಯಿ ಒಂದು ಹೇಳುವುದು, ಮಾತು ಇನ್ನೊಂದು ಹೇಳುವುದು ಮಾತ್ರ ಕಾಣುತ್ತಿತ್ತು. ಕಣ್ಣಿಗೆ ಸುಳ್ಳು ಹೇಳಬಹುದು, ಕಿವಿಗೂ ಹೇಳಬಹುದು, ಎರಡಕ್ಕೂ ಒಟ್ಟಿಗೆ ಹೇಳಲಿಕ್ಕೆ ಆಗುವುದಿಲ್ಲ ಎಂಬುದು ಅವರ ದೊಡ್ಡ ಸಿದ್ಧಾಂತ. ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಮೀನುಪೇಟೆಯಲ್ಲಿ, ಎಲ್ಲೇ ಯಾರೇ ಮಾತಾಡಿದರೂ ಅವರ ದೃಷ್ಟಿ ತುಟಿಯ ಮೇಲೆ. ಮೀನುಪೇಟೆಯ ಒಬ್ಬಳು ಒಮ್ಮೆ ಬಂಗಡೆ ಹಿಡಿದ ಕೈಯಲ್ಲೇ, ಎಂತ ನೋಡ್ತೀರಿ ಮಾರಾಯ್ರೆ, ಮೀನು ಇಲ್ಲಿ ಕೆಳಗೆ ಅದೆ ಎಂದಳಂತೆ. ಇವರು ಮೂರು ಸೆಕೆಂಡು ಬಿಟ್ಟು ಹೌದು ಎಂದರಂತೆ. ಇದನ್ನು ಹೇಳಿದ್ದು ಅವರ ಹೆಂಡತಿ. ಆಮೇಲೆ ಮೀನು ತರುವ ಕೆಲಸವನ್ನು ಹೆಂಡತಿಯೇ ವಹಿಸಿಕೊಂಡರು.

ಇಷ್ಟೇ ಆಗಿದ್ದರೆ ಊರಿಗೊಬ್ಬ ವಿಚಿತ್ರ ಮನುಷ್ಯ ಇರುತ್ತಾನಲ್ಲ, ಹಾಗೆ ಒಬ್ಬರು ಎಂದು ನಾನೂ ಮರೆತುಬಿಡುತ್ತಿದ್ದೆ. ಶೇವಂತಿಯ ಕ್ಯಾಸೆಟ್ಟಿನಿಂದ ಅದು ಸಾಧ್ಯವಾಗಲಿಲ್ಲ.

ಶೇವಂತಿ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಮುಕ್ಕಾಲು ಹೋಗಿತ್ತು. ದೊಡ್ಡ ಸದ್ದು ಕೇಳುತ್ತಿತ್ತು. ಮಾತು ಒಂದು ಗುಂಯ್ ಎಂಬಂತೆ ಕೇಳುತ್ತಿತ್ತಂತೆ. ಆ ಗುಂಯ್ ಅನ್ನು ತುಟಿಯ ಜೊತೆ ಸೇರಿಸಿಕೊಂಡು ಅವಳು ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದಳು. ಬರೀ ತುಟಿಯಿಂದಲೂ ಸುಮಾರು ಹಿಡಿಯುತ್ತಿದ್ದಳು. ನಮ್ಮ ಸ್ಟಾಫ್ ರೂಮಿನಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಯಾರಾದರೂ ಪಿಸುಗುಟ್ಟಿದರೆ ಅಂಗಳದ ಆಚೆಯ ಅಡುಗೆಕೋಣೆಯಿಂದ ಉತ್ತರ ಬರುತ್ತಿತ್ತು. ಹೆಡ್‌ಮಾಸ್ತರರು ಅವಳ ಬಗ್ಗೆ ಮಾತಾಡುವಾಗ ಪುಸ್ತಕ ಅಡ್ಡ ಹಿಡಿಯುತ್ತಿದ್ದರು.

ಅವಳು ಹುಟ್ಟಿದ ಊರು ಈಗ ನೌಕಾನೆಲೆಯ ಬೇಲಿಯ ಒಳಗಿದೆ. ಊರು ಬಿಟ್ಟುಕೊಟ್ಟು ಬಂದವರಿಗೆ ತೋಡೂರಿನಲ್ಲಿ ಕೊಟ್ಟ ಕಾಲೊನಿಯಲ್ಲಿ ಅವಳ ಮನೆ. ಅವಳ ಅಣ್ಣ ಹಡಗಿನಲ್ಲಿ ಅಡುಗೆಯವನಾಗಿದ್ದ. ಊರು ಖಾಲಿ ಮಾಡುವ ಕೆಲ ದಿನ ಮೊದಲು ರಜೆಯ ಮೇಲೆ ಬಂದು, ಜಪಾನಿನ ಬಂದರಿನಲ್ಲಿ ಕೊಂಡ, ಹೆಗಲ ಮೇಲೆ ಹೊರುವ ಕ್ಯಾಮೆರಾದಲ್ಲಿ ಎರಡು ತಾಸಿನ ಒಂದು ಕ್ಯಾಸೆಟ್ ತುಂಬಾ ಊರನ್ನು ತೆಗೆದಿದ್ದ. ಕೊನೆಯಲ್ಲಿ ಅವರ ತಾಯಿ ಅಂಗಳದಲ್ಲಿ ಕೂತು ಏನೋ ಹೇಳುತ್ತಾರೆ. ತಾಯಿ ಹೊಸ ಕಾಲೊನಿಗೆ ಬಂದು ಎರಡು ಮಳೆಗಾಲ ಕಾಣಲಿಲ್ಲ. ಅಣ್ಣನೂ ಈಗಿಲ್ಲ.

ಶೇವಂತಿ ಆ ಕ್ಯಾಸೆಟ್ಟನ್ನು ಎಲ್ಲೋ ಒಂದು ಅಂಗಡಿಯಲ್ಲಿ ಕೊಟ್ಟು ಡಿಸ್ಕಿಗೆ ಹಾಕಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಹಾಕಿದರೆ ತಾಯಿಯ ತುಟಿ ಆಡಿ ಮುಗಿದು ಏಳು ಸೆಕೆಂಡು ಕಳೆದ ಮೇಲೆ ಮಾತು ಬರುತ್ತಿತ್ತು. ನಮಗಾದರೆ ಅದು ಒಂದು ಕಿರಿಕಿರಿ, ಅಷ್ಟೆ. ಅವಳಿಗೆ ಅದು ಏನೂ ಅಲ್ಲದ ಒಂದು ಗುಂಯ್. ಅಮ್ಮ ಏನು ಹೇಳುತ್ತಾರೆಂದು ಕೇಳಿ ನಾನು ಬರೆದು ಕೊಡುತ್ತೇನೆ ಎಂದೆ. ಮನೆಯ ಮಕ್ಕಳೂ ಎಷ್ಟೋ ಸಲ ಹೇಳಿದ್ದರಂತೆ.

"ಅದು ನೀವು ಹೇಳಿದ್ದಾಯ್ತು ಅಕ್ಕೋರೆ," ಎಂದಳು ಅವಳು. "ನಂಗೆ ಆಯಿ ಹೇಳಿದ್ದು ಬೇಕು."

ನಾನು ಅವಳನ್ನೂ ಕ್ಯಾಸೆಟ್ಟನ್ನೂ ಕರೆದುಕೊಂಡು ಮಾಳಿಗೆಯ ಅಂಗಡಿಗೆ ಹೋದೆ. ಡಿಸ್ಕನ್ನು ಐದು ನಿಮಿಷ ನೋಡಿದ್ದೇ ಅವರು ಯಾರು ಇದನ್ನು ಮೂವತ್ತೇ ಎಂದು ಹಿಡಿದದ್ದು ಎಂದು ಗುಡುಗಿದರು. ಶೇವಂತಿಯ ಕಿವಿಯ ವಿಷಯ ಹೇಳಿದೆ. ಅವರು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, ಅವಳು ತಮ್ಮ ಮುಖ ನೋಡುವವರೆಗೆ ಕಾದು, ಮಾಡಿಕೊಡ್ತೇನೆ ಎಂದರು.

ಸಾವಿರಕ್ಕೊಂದರ ಲೆಕ್ಕ ಹಿಡಿದು ಮಾಡಿಬಿಡಬಹುದಿತ್ತು. ಆದರೆ ಕ್ಯಾಸೆಟ್ ಹಳತಾಗಿ ನಡುನಡುವೆ ಚಿತ್ರಗಳು ಉದುರಿದ್ದವು. ಲೆಕ್ಕವೊಂದನ್ನೇ ನಂಬುವ ಹಾಗಿರಲಿಲ್ಲ. ಎರಡು ಗುರುತು ಬೇಕಿತ್ತು. ಹಡಗಿನ ಅಡುಗೆಯವ ಚಪ್ಪಾಳೆ ತಟ್ಟಿರಲಿಲ್ಲ. ಆದರೆ ನಮ್ಮ ಕಡೆಯವರು ಯಾವುದನ್ನೇ ಶುರು ಮಾಡಲಿ, ಕಾಯಿ ಒಡೆಯದೆ ಶುರು ಮಾಡುವುದಿಲ್ಲವಲ್ಲ. ಕ್ಯಾಸೆಟ್ಟಿನ ಮೊದಲಲ್ಲೇ ದೋಣಿಗೆ ಪೂಜೆ ಮಾಡಿ ಕಲ್ಲಿಗೆ ಕಾಯಿ ಒಡೆಯುವುದಿತ್ತು. ಅದಕ್ಕಿಂತ ಒಳ್ಳೆಯ ಚಪ್ಪಾಳೆ ಯಾವುದು? ಇಂಥ ಕೆಲಸದಲ್ಲಿ ಅವರು ದೇವರನ್ನು ನೆನೆಯುತ್ತಿದ್ದುದು ಇದೊಂದೇ ಕಾರಣಕ್ಕೆ. ಕೊನೆಯ ಗುರುತಿಗೂ ಅದೃಷ್ಟವಿತ್ತು. ತಾಯಿಯ ಮಾತಿಗೆ ಸ್ವಲ್ಪ ಮೊದಲು, ಒಬ್ಬ ಮನುಷ್ಯ ಮಗುಚಿಟ್ಟ ದೋಣಿಗೆ ಸುತ್ತಿಗೆಯಿಂದ ಮೊಳೆ ಹೊಡೆಯುತ್ತಿದ್ದ. ಪರದೆಯ ತುಂಬಾ ಆ ಮನುಷ್ಯ, ಆ ಸುತ್ತಿಗೆ. ಇವರು ಕಾಯಿಯ ಸದ್ದನ್ನು ಕಾಯಿಗೆ, ಸುತ್ತಿಗೆಯ ಸದ್ದನ್ನು ಸುತ್ತಿಗೆಗೆ ಕೂರಿಸಿದರು.

ಅಷ್ಟಾದ ಮೇಲೆ ತಾಯಿಯ ಮಾತು ಸರಿ ಬರಬೇಕಲ್ಲ? ಬರಲಿಲ್ಲ. ಈಗ ತುಟಿ ತೆರೆಯುವ ಮೊದಲೇ ಮಾತು ಬಂದುಬಿಡುತ್ತಿತ್ತು, ಅರ್ಧ ಸೆಕೆಂಡು ಮುಂಚೆ. ತಾಯಿಗೆ ಸರಿಮಾಡಿದರೆ ಸುತ್ತಿಗೆ ತಪ್ಪುತ್ತಿತ್ತು. ಸುತ್ತಿಗೆಗೆ ಸರಿಮಾಡಿದರೆ ತಾಯಿ ತಪ್ಪುತ್ತಿದ್ದರು. ಒಂದೇ ನಿಮಿಷದ ಒಳಗೆ ಒಂದು ಸರಿ, ಒಂದು ತಪ್ಪು ಹೇಗಾಗುತ್ತದೆ? ತಾಯಿಗೆ ಸರಿಮಾಡಿ ಕೊಟ್ಟುಬಿಡಿ, ಸುತ್ತಿಗೆ ಯಾರಿಗೆ ಬೇಕು ಎಂದು ನಾನು ಫೋನಿನಲ್ಲಿ ಹೇಳಿದೆ. ಬರೀ ಕಣ್ಣಂದಾಜಿನಲ್ಲಿ ಕೊಟ್ಟರೆ ನಾಲ್ಕು ಅಕ್ಷರ ಕೂಡುತ್ತದೆ, ಐದನೆಯದು ಜಾರುತ್ತದೆ, ಆ ಹೆಂಗಸಿಗೆ ಐದನೆಯದೂ ಬೇಕು ಎಂದರು. ಗುರುತು ಸಿಗದೆ ಕೊಡುವುದಿಲ್ಲ ಎಂದರು.

ಎರಡು ವಾರ ಅವರು ಯಾರ ಕೈಗೂ ಸಿಗಲಿಲ್ಲ. ಕ್ಯಾಸೆಟ್ ಓಡಿಸುವ ಯಂತ್ರವನ್ನು ಬಿಚ್ಚಿ ಜಗಲಿಯ ತುಂಬಾ ಹರವಿಕೊಂಡಿದ್ದರು. ಹೆಂಡತಿಗೆ ಅಕ್ಕಿ ಆರಿಸಲು ಜಾಗ ಇರಲಿಲ್ಲ. ಮೊದಲು ಯಂತ್ರವನ್ನು ಬೈದರು, ಆಮೇಲೆ ಕಂಪ್ಯೂಟರನ್ನು ಬೈದರು, ಕೊನೆಗೆ ಜಪಾನನ್ನೇ ಬೈದರು. ಅಷ್ಟಾದರೂ ಸುತ್ತಿಗೆಯ ಮೇಲೆ ಅವರಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಕಣ್ಣೆದುರಿಗೆ ಬೀಳುವ ಸುತ್ತಿಗೆ ಸುಳ್ಳು ಹೇಳುವುದುಂಟೇ?

ಒಂದು ಭಾನುವಾರ ನಾನೇ ಶೇವಂತಿಯನ್ನು ಕರೆದುಕೊಂಡು ಶಿರವಾಡಕ್ಕೆ ಹೋದೆ. ತೋರಿಸುವುದಕ್ಕೆ ಏನೂ ಇಲ್ಲ ಎಂದು ಗೊಣಗುತ್ತಲೇ ಅವರು ಕೊನೆಯ ಭಾಗ ಹಾಕಿದರು. ಸುತ್ತಿಗೆ ಬಿತ್ತು, ಠಣ್ ಎಂದಿತು. ಮತ್ತೆ ಬಿತ್ತು, ಮತ್ತೆ ಠಣ್. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗಂತೂ ಬಹಳ ಚೆನ್ನಾಗಿ ಕಂಡಿತು. ಶೇವಂತಿ ಮಾತ್ರ ತಲೆ ಅಲ್ಲಾಡಿಸಿದಳು.

"ಇದು ತಪ್ಪು ಅದೆ ಮಾಮ."

ಅವರು ಕಾದರು. ನಾನು ಅವರ ಮುಖ ನೋಡಿದೆ. ಅವರ ಜೀವನದಲ್ಲಿ ಈ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ.

"ಯಾಕೆ?" ಎಂದರು.

"ಆ ಮನುಷ್ಯ ನಮ್ಮ ಅಂಗಳದಲ್ಲಿ ಇಲ್ಲ. ಹಳ್ಳದ ಆಚೆ ದಡಕ್ಕೆ ಅದೆ ಆ ದೋಣಿ. ಅಣ್ಣ ಇಲ್ಲೇ ನಿಂತು ಕ್ಯಾಮೆರಾದಲ್ಲಿ ಹತ್ರ ಎಳ್ದಾನೆ." ಅವಳು ಎದ್ದು ನಿಂತು, ಅವರ ಜಗಲಿಯಿಂದ ಎದುರಿನ ರಸ್ತೆಯ ಆಚೆ, ಅದರಾಚೆಯ ತೆಂಗಿನ ಮರಗಳ ಕಡೆ ಕೈ ತೋರಿಸಿದಳು. "ಅಷ್ಟು ದೂರ. ನಮ್ಮ ಅಂಗಳದಿಂದ ನೋಡಿದ್ರೆ, ಸುತ್ತಿಗೆ ಬಿದ್ದಾಗ ಸದ್ದು ಬರೂದಿಲ್ಲ. ಸುತ್ತಿಗೆ ತಿರುಗಿ ಮೇಲೆ ಹೋದಾಗ ಸದ್ದು ಬರೂದು. ನಂಗೆ ಕೇಳೂ ಸದ್ದು ಅದೊಂದೇ ಅಲ್ವಾ, ನಂಗೆ ಗೊತ್ತಿಲ್ವಾ?"

ಇವರು ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ. ದೂರದ ಸದ್ದು ತಡವಾಗಿ ಬರುತ್ತದೆ ಎಂದು ತಿಳಿಯದವರೇನಲ್ಲ. ಆದರೆ ಪರದೆಯ ಮೇಲೆ ಅದು ಹತ್ತಿರವಿತ್ತು. ಆ ಹಳ್ಳವನ್ನು ಅವರು ಕಂಡವರಲ್ಲ, ಇನ್ನು ಕಾಣುವ ಹಾಗೂ ಇಲ್ಲ, ಅದು ಬೇಲಿಯ ಒಳಗಿದೆ. ಅಂಗಳಕ್ಕೂ ದೋಣಿಗೂ ನಡುವಿನ ಆ ದೂರ ಈಗ ಉಳಿದಿದ್ದುದು ಕಿವಿ ಕೇಳದ ಈ ಹೆಂಗಸಿನ ತಲೆಯೊಳಗೆ ಮಾತ್ರ. ಅವರ ಮೌನದಲ್ಲಿ ಯಾವುದು ದುಃಖ, ಯಾವುದು ಅಭ್ಯಾಸ ಎಂದು ಹೇಳುವುದು ಕಷ್ಟ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಆಗಲೇ ಕೆಲಸಕ್ಕೆ ಕೂತರು. ಸುತ್ತಿಗೆಯ ಸದ್ದನ್ನು, ಅದರ ಜೊತೆಗೆ ಮುಂದೆ ಬರುವ ತಾಯಿಯ ಮಾತನ್ನೂ, ಒಂದೊಂದೇ ಚಿತ್ರದಷ್ಟು ಹಿಂದೆ ಸರಿಸಿದರು. ಅವಳು ಪರದೆ ನೋಡುತ್ತ, ಸ್ಪೀಕರಿನ ಮೇಲೆ ಅಂಗೈ ಇಟ್ಟು ಸದ್ದಿನ ಅದುರು ಹಿಡಿಯುತ್ತ, ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದಳು. ಸುತ್ತಿಗೆ ಮೇಲೆ ಹೋಗಿ ಹೆಗಲಿನ ಸಮಕ್ಕೆ ಬಂದಾಗ ಠಣ್ ಎಂದಿತು. ಹಾಂ, ಇದೇ ನಮ್ಮ ಅಂಗಳ ಎಂದಳು. ಒಂದು ಸದ್ದನ್ನು ಬೇಕೆಂದೇ ತಡಮಾಡಿ ಬಿಟ್ಟದ್ದು ತಮ್ಮ ಜೀವನದಲ್ಲಿ ಅದೊಂದೇ ಸಲ ಎಂದು ಆಮೇಲೆ ಅವರು ನನಗೆ ಹೇಳಿದರು. ಹೇಳುವಾಗ ಏನೋ ತಪ್ಪು ಕೆಲಸ ಮಾಡಿ ಸಿಕ್ಕಿಬಿದ್ದವರ ಹಾಗೆ ಮೆಲ್ಲಗೆ ಹೇಳಿದರು.

ಅದನ್ನು ಅಷ್ಟಕ್ಕೇ ಬಿಟ್ಟು ಮುಂದೆ ಓಡಿಸಿದಾಗ ತಾಯಿ ಬಂದರು. ಅಂಗಳದ ಕಲ್ಲಿನ ಮೇಲೆ ಕೂತ ಸಣ್ಣ ದೇಹದ ಮುದುಕಿ. ತುಟಿ ತೆರೆಯಿತು, ಮಾತು ಬಂತು. ತುಟಿ ಮುಚ್ಚಿತು, ಮಾತು ನಿಂತಿತು. ಮಾತು ಕೊಂಕಣಿಯಲ್ಲಿತ್ತು. ಶೇವಂತಿ ತಾಯಿಯ ಜೊತೆಜೊತೆಗೇ ತನ್ನ ತುಟಿ ಆಡಿಸಿದಳು. ಮುಗಿದ ಮೇಲೆ ನಮ್ಮ ಕಡೆ ತಿರುಗಿ, ಅದನ್ನೇ ಕನ್ನಡದಲ್ಲಿ ಹೇಳಿದಳು.

"ನನ್ನ ಮೋರೆ ಎಂತಕ್ಕೆ ತೆಗೀತೆ? ಮೋರೆ ನನ್ನ ಸಂಗಡ ಬತ್ತದೆ. ಬಾವಿ ತೆಗಿ ಅಂತ ಬೈದದ್ದು ಆಯಿ."

ಅಣ್ಣ ಬಾವಿಯ ಚಿತ್ರ ತೆಗೆದಿರಲಿಲ್ಲ. ಬೈಸಿಕೊಂಡರೂ ಕ್ಯಾಮೆರಾ ಅಲುಗಿಸದೆ ತಾಯಿಯ ಮುಖವನ್ನೇ ಹಿಡಿದು ನಿಂತಿದ್ದ, ಕ್ಯಾಸೆಟ್ ಮುಗಿಯುವವರೆಗೆ. ಶೇವಂತಿ ಸೆರಗಿನಿಂದ ಮುಖ ಒರೆಸಿಕೊಂಡು, ಅವ ಸಣ್ಣಿಂದಲೂ ಹೇಳಿದ್ದು ಕೇಳುವವನಲ್ಲ, ಒಳ್ಳೇದಾಯ್ತು ಎಂದಳು. ಅವಳು ಅದನ್ನು ಆರು ಸಲ ಹಾಕಿಸಿ ನೋಡಿದಳು. ಆರು ಸಲವೂ ತಾಯಿ ಬೈದರು, ಆರು ಸಲವೂ ಅಣ್ಣ ಕೇಳಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಆ ಮನುಷ್ಯನ ಮೂರು ಸೆಕೆಂಡಿನ ಬಗ್ಗೆ ತಮಾಷೆ ಮಾಡಿದೆ. ಶೇವಂತಿಗೆ ನಾನು ಹೇಳಿದ್ದು ಅರ್ಥವೇ ಆಗಲಿಲ್ಲ. ತಡವೆಲ್ಲಿದೆ ಎಂದಳು. ಊರಿನ ಜನವೆಲ್ಲ ಅವಳು ಮುಖ ತಿರುಗಿಸುವ ಮೊದಲೇ ಅರ್ಧ ಮಾತು ಆಡಿ ಮುಗಿಸಿರುತ್ತಾರಂತೆ. ಈ ಮಾಮ ಒಬ್ಬರೇ ಅವಳು ನೋಡಿದ ಮೇಲೆ ಶುರು ಮಾಡುತ್ತಾರಂತೆ. ಇಷ್ಟು ವರ್ಷ ನಾವೆಲ್ಲ ನಕ್ಕಿದ್ದ ಆ ಮೂರು ಸೆಕೆಂಡು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ನನಗೆ ಸ್ವಲ್ಪ ನಾಚಿಕೆಯಾಯಿತು.

ಅಂದಿನಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಶೇವಂತಿ ಅವರಿಗೆಂದು ಒಣಮೀನು ಕಟ್ಟಿಡುತ್ತಿದ್ದಳು. ನಾನು ನಿವೃತ್ತಳಾದೆ, ಅವಳೂ ಕೆಲಸ ಬಿಟ್ಟಳು. ಅವಳ ಮಗಳು ಅವಳಿಗೊಂದು ಫೋನು ಕೊಡಿಸಿದಳು. ಅವಳು ಮಾಡುವುದೆಲ್ಲ ವಿಡಿಯೋ ಕರೆಯೇ, ತುಟಿ ಕಾಣಬೇಕಲ್ಲ. ಕರೆ ಮಾಡಿದರೆ ನಾನು ದೀಪದ ಕೆಳಗೆ ಬಂದು, ಫೋನನ್ನು ಮುಖದ ಎದುರು ಸರಿಯಾಗಿ ಹಿಡಿದು, ನಿಧಾನವಾಗಿ ಮಾತಾಡಬೇಕು. ಕಾಲೊನಿಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ನಾನು ಹೇಳಿದ್ದು ಅವಳನ್ನು ಮುಟ್ಟಿ, ಅವಳ ಮುಖ ನನಗೆ ಬಂದು ಕಾಣುವಷ್ಟರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಇದನ್ನು ಮಾಮನಿಗೆ ಹೇಳಿದಾಗ ಅವರು ಫೋನಿನ ಕಂಪನಿಗಳನ್ನೆಲ್ಲ ಒಟ್ಟಿಗೆ ಬೈದಿದ್ದರು.

ಅವರು ತೀರಿಕೊಂಡ ದಿನ ಬೆಳಿಗ್ಗೆ ಅವರ ಹೆಂಡತಿಯ ಫೋನು ಬಂದು, ನಾನು ಶಿರವಾಡಕ್ಕೆ ಹೊರಡಲು ಸೀರೆ ಉಟ್ಟುಕೊಳ್ಳುತ್ತಿರುವಾಗಲೇ ಶೇವಂತಿಯ ಕರೆ ಬಂತು. ಅವಳಿಗೆ ಏನೂ ಗೊತ್ತಿರಲಿಲ್ಲ. ಒಣಮೀನಿನ ಪೊಟ್ಟಣವನ್ನು ಕ್ಯಾಮೆರಾದ ಎದುರು ಎತ್ತಿ ತೋರಿಸಿ, ಮಾಮನಿಗೆ ಈ ಸಲ ದೊಡ್ಡ ದೊಡ್ಡದು ಸಿಕ್ಕಿದೆ, ನೀವು ಆ ಕಡೆ ಹೋಗುವಾಗ ಹೇಳಿ ಎಂದು ನಕ್ಕಳು. ನಾನು ಕಿಟಕಿಯ ಬೆಳಕಿಗೆ ಹೋಗಿ ನಿಂತೆ. ಅವಳು ನನ್ನನ್ನು ಸರಿಯಾಗಿ ನೋಡುವವರೆಗೆ ಕಾದೆ. ಆಮೇಲೆ, ತುಟಿ ಪೂರ್ತಿ ಮುಚ್ಚಿ ತೆರೆಯುತ್ತ, ಮಾಮ ಹೋದರು ಶೇವಂತಿ ಎಂದೆ.

ಪರದೆಯ ಮೇಲೆ ಅವಳು ಇನ್ನೂ ನಗುತ್ತಿದ್ದಳು. ನನ್ನ ಮಾತು ಅವಳನ್ನು ಮುಟ್ಟಿರಲಿಲ್ಲ. ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಅಷ್ಟು ಹೊತ್ತು ತೋಡೂರಿನಲ್ಲಿ ಅವರು ಬದುಕಿದ್ದರು, ಅವರ ಪಾಲಿನ ಮೀನು ಅವಳ ಕೈಯಲ್ಲಿತ್ತು. ಆಮೇಲೆ ಪೊಟ್ಟಣ ಮೆಲ್ಲಗೆ ಕೆಳಗೆ ಇಳಿಯಿತು.